ಬೆಟ್ಟ ಇಳಿದ ಮೇಲಿನ ಪೂಜೆ

ಹೊಸಕೋಟೆಯಿಂದ ನೆಲಮಂಗಲದವರೆಗೆ ಯಾವ ಕಥೋಲಿಕ ಮನೆಗೆ ಹೋದರೂ 'ಪೂಜೆ' ಎಂದರೆ ಬಲಿಪೂಜೆ. "ಪೂಜೆ ಎಷ್ಟೊತ್ತಿಗೆ?", "ಪೂಜೆ ಸಿಕ್ತಾ?", "ಪೂಜೆ ಮುಗೀತಾ?" ಎಂದು ಕೇಳುವುದು ರೂಢಿ. ಬೆಟ್ಟ ಹತ್ತಿ ಬಂದ ಭಕ್ತರ ಬಾಯಲ್ಲೂ ಇದೇ ಮಾತು. ಹದಿನಾಲ್ಕು ಸ್ಥಳಗಳ ಶಿಲುಬೆ ಹಾದಿ ನಡೆದು, ಮೇಣದ ಬತ್ತಿ ಹಚ್ಚಿ, ಹರಕೆ ತೀರಿಸಿ, ಪರಮಪ್ರಸಾದ ಸ್ವೀಕರಿಸಿದ ಮೇಲೆ, "ಪೂಜೆ ಮುಗೀತು, ಬಸ್ ಹೊರಡುತ್ತೆ, ಬೇಗ ಇಳೀರಿ" ಎಂದು ಹಿರಿಯರು ಮಕ್ಕಳನ್ನು ಅವಸರಪಡಿಸುತ್ತಾರೆ. ಮಾತು ಸಹಜವೇ. ಆದರೆ ಪೂಜೆ ಎಂಬುದು ನಿಜವಾಗಿಯೂ ಅಲ್ಲಿಗೆ ಮುಗಿಯುವಂಥದ್ದೇ? ಮುಗಿಯುವುದಾದರೆ, ಸೋಮವಾರದಿಂದ ಶನಿವಾರದವರೆಗೆ ಕ್ರೈಸ್ತನು ಮಾಡುವುದೇನು?

ಬೆಟ್ಟದ ಮೇಲಿನ ಪೂಜೆಯ ವಿಷಯವಾಗಿ ಯೇಸುಸ್ವಾಮಿಯನ್ನು ನೇರವಾಗಿ ಕೇಳಿದವಳು ಒಬ್ಬ ಹೆಣ್ಣುಮಗಳು. ಸಂತ ಯೊವಾನ್ನರ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ ಆ ಕತೆ ಇದೆ. ಸುಡು ಮಧ್ಯಾಹ್ನ, ಯಕೋಬನ ಬಾವಿ, ನೀರು ಸೇದಲು ಬಂದ ಸಮಾರಿಯದ ಹೆಂಗಸು, ಕುಡಿಯಲು ನೀರು ಕೇಳಿದ ಯೆಹೂದ್ಯ ಪ್ರಯಾಣಿಕ. ಮಾತಿಗೆ ಮಾತು ಬೆಳೆದು ಅವಳು ಎದುರಿಗಿದ್ದ ಗೆರಿಜಿಮ್ ಬೆಟ್ಟವನ್ನು ತೋರಿಸುತ್ತಾಳೆ. ನಮ್ಮ ಹಿರಿಯರು ಇಲ್ಲಿ ಪೂಜಿಸಿದರು, ನೀವು ಜೆರುಸಲೇಮಿನಲ್ಲೇ ಆಗಬೇಕು ಅನ್ನುತ್ತೀರಿ, ಯಾವುದು ಸರಿ ಎಂಬುದು ಅವಳ ಪ್ರಶ್ನೆ. ಅವಳ ದನಿಯಲ್ಲಿ ನೋವೂ ಇತ್ತು. ಏಕೆಂದರೆ ಆ ಬೆಟ್ಟದ ಮೇಲಿದ್ದ ಸಮಾರಿಯರ ದೇವಾಲಯವನ್ನು ಯೊವಾನ್ನ ಹಿರ್ಕಾನ ಎಂಬ ಯೆಹೂದ್ಯ ಅರಸ ಯೇಸುಸ್ವಾಮಿ ಹುಟ್ಟುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲೇ ಕೆಡವಿ ಹಾಕಿದ್ದ. ಅವಳು ಬೆರಳು ತೋರಿಸಿದ್ದು ಗುಡಿ ಕಳೆದುಕೊಂಡ ಬೆಟ್ಟವನ್ನು.

ಯೇಸುಸ್ವಾಮಿ ಕೊಟ್ಟ ಉತ್ತರ ಎರಡೂ ಕಡೆಯವರನ್ನು ಬೆಚ್ಚಿಬೀಳಿಸುವಂಥದ್ದು. ಈ ಬೆಟ್ಟವೂ ಅಲ್ಲ, ಆ ಪಟ್ಟಣವೂ ಅಲ್ಲ. ಪಿತನಿಗೆ ಬೇಕಾದವರು ಆತ್ಮದಲ್ಲಿಯೂ ಸತ್ಯದಲ್ಲಿಯೂ ಪೂಜಿಸುವವರು ಎಂದರು. ಬೆಟ್ಟದ ಯಾತ್ರೆಗೆ ಬಂದ ಭಕ್ತನ ಕೈಯಲ್ಲಿ ಈ ಪುಸ್ತಿಕೆ ಇರುವಾಗ ಈ ಮಾತು ಹೇಳುವುದು ವಿಚಿತ್ರವೆನಿಸಬಹುದು. ಆದರೆ ಬೆಟ್ಟ ಹತ್ತುವುದನ್ನು ಸ್ವಾಮಿ ಬೇಡವೆನ್ನಲಿಲ್ಲ. ಪ್ರಾರ್ಥನೆಗೆಂದು ಅವರೇ ಬೆಟ್ಟಕ್ಕೆ ಹೋಗುತ್ತಿದ್ದರು, ರಾತ್ರಿಯೆಲ್ಲ ಅಲ್ಲೇ ಇರುತ್ತಿದ್ದರು. ಬೆಳಗಾದ ಮೇಲೆ ಇಳಿದು ಬಂದು ರೋಗಿಗಳನ್ನು ಮುಟ್ಟುತ್ತಿದ್ದರು. ಲೂಕನ ಶುಭಸಂದೇಶದ ಆರನೆಯ ಅಧ್ಯಾಯ ಓದಿದರೆ ಈ ಹತ್ತುವುದೂ ಇಳಿಯುವುದೂ ಒಂದೇ ಉಸಿರಿನಲ್ಲಿ ಬರುತ್ತದೆ.

ಗುಡಿ ಕಳೆದುಕೊಂಡ ಬೆಟ್ಟದ ನೋವು ಈ ಜಿಲ್ಲೆಗೂ ಗೊತ್ತು. ದೇವನಹಳ್ಳಿ ತಾಲ್ಲೂಕಿನ ದೊಡ್ಡಸಾಗರಹಳ್ಳಿಯ ಹತ್ತಿರ ಮಹಿಮಾ ಬೆಟ್ಟವೆಂಬ ಗುಡ್ಡವಿದೆ. ಸುತ್ತಿನ ಕ್ರೈಸ್ತರು ತಮ್ಮ ಸತ್ತವರನ್ನು ಹೂಳುತ್ತಿದ್ದ ಜಾಗ ಅದು. ಭಕ್ತರು ಅಲ್ಲಿ ಶಿಲುಬೆ ಹಾದಿಯ ಸ್ಥಳಗಳನ್ನೂ ಯೇಸುಸ್ವಾಮಿಯ ಎತ್ತರದ ಮೂರ್ತಿಯನ್ನೂ ನಿಲ್ಲಿಸಿದ್ದರು. ದೂರುಗಳು ಬಂದವೆಂದು 2020ರ ಮಾರ್ಚ್ 3ರಂದು ಆಡಳಿತ ಆ ಮೂರ್ತಿಯನ್ನು ತೆಗೆಸಿತು. ಆಗಿನ್ನೂ ತಪಸ್ಸುಕಾಲದ ಮೊದಲ ವಾರ. ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾದ ಪೀಟರ್ ಮಚಾದೊ ಅವರು ಬಹಿರಂಗವಾಗಿಯೇ ದುಃಖ ತೋಡಿಕೊಂಡರು. ಊರಿನವರು ಅತ್ತರು. ಅದು ಅಳಬೇಕಾದ ವಿಷಯವೇ, ಅದರಲ್ಲಿ ನಾಚಿಕೆಯಿಲ್ಲ.

ಅದಾಗಿ ಮೂರು ವಾರ ಕಳೆಯುವ ಹೊತ್ತಿಗೆ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತು. ಮಾರ್ಚ್ 25ರಿಂದ ಲಾಕ್‌ಡೌನ್. ಮೂರ್ತಿ ಇದ್ದ ಊರಿಗೂ ಇಲ್ಲದ ಊರಿಗೂ ಒಂದೇ ಗತಿ. ಏಪ್ರಿಲ್ 10ರ ಶುಭ ಶುಕ್ರವಾರ ಶಿಲುಬೆ ಹಾದಿಯಿಲ್ಲ, 12ರ ಪಾಸ್ಖ ಹಬ್ಬಕ್ಕೆ ದೇವಾಲಯದ ಗಂಟೆ ಕೇಳಿ ಓಡಿಬರುವ ಜನವಿಲ್ಲ. ರೋಮಿನಲ್ಲಿ ಪೋಪ್ ಫ್ರಾನ್ಸಿಸರು ಮಾರ್ಚ್ 27ರ ಸಂಜೆ ಮಳೆಯಲ್ಲಿ ಖಾಲಿ ಚೌಕದ ಮುಂದೆ ಒಬ್ಬರೇ ನಿಂತು ಪ್ರಾರ್ಥಿಸಿದ್ದನ್ನು ಇಲ್ಲಿನವರು ಮೊಬೈಲಿನಲ್ಲಿ ನೋಡಿದರು. ದೇವಾಲಯಗಳನ್ನು ಮತ್ತೆ ತೆರೆಯಲು ಸರ್ಕಾರ ಅನುಮತಿ ಕೊಟ್ಟದ್ದು ಜೂನ್ 8ರ ಹೊತ್ತಿಗೆ.

ಆ ಎರಡೂವರೆ ತಿಂಗಳಲ್ಲಿ ಕ್ರೈಸ್ತರು ಪೂಜೆ ಮಾಡಲಿಲ್ಲವೇ? ಒಂದು ಅರ್ಥದಲ್ಲಿ ಮಾಡಲಿಲ್ಲ. ಟೀವಿಯ ಮುಂದೆ ಕೂತು ನೋಡಿದ ಬಲಿಪೂಜೆ ಹಸಿವನ್ನು ನೆನಪಿಸುತ್ತದೆಯೇ ಹೊರತು ಹೊಟ್ಟೆ ತುಂಬಿಸುವುದಿಲ್ಲ. ಪರಮಪ್ರಸಾದವಿಲ್ಲದ ಪಾಸ್ಖ ಎಂದರೆ ಎಷ್ಟೋ ಅಜ್ಜಿಯಂದಿರಿಗೆ ಜೀವಮಾನದಲ್ಲಿ ಮೊದಲ ಸಲ. ಆದರೆ ಇನ್ನೊಂದು ಅರ್ಥದಲ್ಲಿ, ಪೂಜೆ ಏನೆಂಬುದು ಆಗಲೇ ಬಯಲಾಯಿತು. ಚಿಕ್ಕ ಮನೆಯಲ್ಲಿ ಆರು ಜನ ಬಾಗಿಲು ಮುಚ್ಚಿ ಕೂತಾಗ, ಕೂಲಿ ನಿಂತಾಗ, ಅಕ್ಕಿ ಡಬ್ಬಿಯ ತಳ ಕಂಡಾಗ ಅಪ್ಪನ ಬಾಯಿಂದ ಬರುವ ಮಾತು ಪ್ರಾರ್ಥನೆಯೋ ಬೈಗುಳವೋ ಎಂಬುದು ಮನೆಯವರಿಗೆಲ್ಲ ತಿಳಿಯಿತು. ಹೆದ್ದಾರಿಗಳಲ್ಲಿ ಊರಿನ ದಾರಿ ಹಿಡಿದು ಮೂಟೆ ಹೊತ್ತು ನಡೆದ ಕೂಲಿಕಾರರಿಗೆ ಅನ್ನದ ಪೊಟ್ಟಣ ಕೊಟ್ಟವರಿದ್ದರು, ಎಲ್ಲ ಮತದವರೂ ಇದ್ದರು. ಗೇಟು ಹಾಕಿಕೊಂಡವರೂ ಇದ್ದರು, ಅವರಲ್ಲೂ ಎಲ್ಲ ಮತದವರಿದ್ದರು.

ಈ ಕಡೆಯ ಕ್ರೈಸ್ತ ಊರುಗಳ ಹುಟ್ಟಿನಲ್ಲೇ ಇದಕ್ಕೆ ಸಾಕ್ಷಿಯಿದೆ. 1876ರಿಂದ 78ರವರೆಗಿನ ಮಹಾಕ್ಷಾಮ, ಹಳಬರು ಧಾತು ಈಶ್ವರ ಬರ ಎನ್ನುವುದು, ಮೈಸೂರು ಸೀಮೆಯಲ್ಲಿ ಸುಮಾರು ಹತ್ತು ಲಕ್ಷ ಜನರನ್ನು ತಿಂದುಹಾಕಿತು. ತಂದೆತಾಯಿ ಇಲ್ಲದ ಮಕ್ಕಳನ್ನು ಸಾಕಿ, ಹೊಲ ಕೊಟ್ಟು, ನೇಗಿಲು ಹಿಡಿಸಿ ಫ್ರೆಂಚ್ ಗುರುಗಳು ನೆಲೆಗೊಳಿಸಿದ ಜಾಗಗಳಲ್ಲಿ ನೆಲಮಂಗಲದ ದಿಕ್ಕಿನ ಸಿಲ್ವೆಪುರ ಒಂದು. ಊರಿನ ಹೆಸರಿನಲ್ಲೇ ಶಿಲುಬೆ ಇದೆ. ಆ ಮಕ್ಕಳು ದೇವರನ್ನು ಮೊದಲು ಕಂಡದ್ದು ಲತೀನ್ ಭಾಷೆಯ ಪೂಜೆಯಲ್ಲಿ ಇರಲಾರದು, ಅದು ಅವರಿಗೆ ಅರ್ಥವೂ ಆಗುತ್ತಿರಲಿಲ್ಲ. ಬಟ್ಟಲಿನ ಗಂಜಿಯಲ್ಲಿ ಕಂಡಿರಬೇಕು.

ಸಂತ ಪೌಲರು ರೋಮನರಿಗೆ ಬರೆದ ಪತ್ರದ ಹನ್ನೆರಡನೆಯ ಅಧ್ಯಾಯದ ಮೊದಲಲ್ಲೇ ಒಂದು ಕೋರಿಕೆ ಇದೆ: ನಿಮ್ಮ ದೇಹಗಳನ್ನೇ ಜೀವಂತ ಬಲಿಯಾಗಿ ದೇವರಿಗೆ ಕೊಡಿರಿ, ನಿಮಗೆ ತಕ್ಕ ಪೂಜೆ ಅದೇ ಎನ್ನುವ ಅರ್ಥದ್ದು. ಬಲಿ ಎಂದರೆ ಕುರಿ, ಹೋತ, ಪಾರಿವಾಳ ಎಂದು ತಿಳಿದಿದ್ದ ಕಾಲದಲ್ಲಿ ಅವರು ದೇಹ ಎಂದರು. ಮನಸ್ಸು ಎನ್ನಬಹುದಿತ್ತು, ಹೃದಯ ಎನ್ನಬಹುದಿತ್ತು. ಮನಸ್ಸು ಕೊಟ್ಟೆ ಎಂದು ಹೇಳುವುದು ಸುಲಭ, ಯಾರೂ ತೆರೆದು ನೋಡುವುದಿಲ್ಲ. ದೇಹ ಹಾಗಲ್ಲ. ಬೆಳಗ್ಗೆ ನಾಲ್ಕಕ್ಕೆ ಎದ್ದು ಹಸು ಕರೆಯುವುದು ದೇಹ. ದೊಡ್ಡಬಳ್ಳಾಪುರದಲ್ಲಿ ದಿನವಿಡೀ ಮಗ್ಗದ ಸದ್ದಿನಲ್ಲಿ ನಿಲ್ಲುವುದು, ಗಾರ್ಮೆಂಟ್ಸ್ ಮುಗಿಸಿ ಬಂದು ಮತ್ತೆ ಒಲೆ ಮುಂದೆ ಕೂತು ಮುದ್ದೆ ತಿರುವುವುದು, ಹಾಸಿಗೆ ಹಿಡಿದ ಅತ್ತೆಯ ಬಟ್ಟೆ ಬದಲಿಸುವುದು, ಇದೆಲ್ಲ ದೇಹವೇ.

ಎರಡನೇ ವ್ಯಾಟಿಕನ್ ಮಹಾಸಭೆ 1964ರ ನವೆಂಬರ್‌ನಲ್ಲಿ ಧರ್ಮಸಭೆಯ ಬಗ್ಗೆ ಹೊರಡಿಸಿದ ಪ್ರಮಾಣಪತ್ರದಲ್ಲಿ ಇದನ್ನೇ ಬಿಡಿಸಿ ಹೇಳಿತು. ಶ್ರೀಸಾಮಾನ್ಯ ಭಕ್ತರ ದುಡಿಮೆ, ಸಂಸಾರ, ವಿಶ್ರಾಂತಿ, ತಾಳ್ಮೆಯಿಂದ ತಾಳಿಕೊಂಡ ಕಷ್ಟ ಎಲ್ಲವೂ ಪವಿತ್ರಾತ್ಮರಲ್ಲಿ ನಡೆದರೆ ಆತ್ಮಿಕ ಬಲಿಗಳಾಗುತ್ತವೆ. ಬಲಿಪೂಜೆಯಲ್ಲಿ ಅವು ಪ್ರಭುವಿನ ದೇಹದ ಜೊತೆಗೇ ಪಿತನಿಗೆ ಅರ್ಪಣೆಯಾಗುತ್ತವೆ. ಗುರುಗಳು ದ್ರಾಕ್ಷಾರಸಕ್ಕೆ ಒಂದು ಹನಿ ನೀರು ಬೆರೆಸುವುದನ್ನು ಎಲ್ಲರೂ ನೋಡಿರುತ್ತಾರೆ. ಆ ಹನಿ ಭಕ್ತಜನ. ರಸದಲ್ಲಿ ಬಿದ್ದ ಮೇಲೆ ಅದನ್ನು ಯಾರೂ ಬೇರೆ ಮಾಡಲಾರರು. ಭಾನುವಾರ ಬರಿಗೈಲಿ ಬಂದು ಕೂತವನಿಗೆ ಆ ಹನಿಯಲ್ಲಿ ಹಾಕಲು ಏನೂ ಇರುವುದಿಲ್ಲ, ಆರು ದಿನ ತಂದವನಿಗೆ ಇರುತ್ತದೆ.

ಹಾಗೆಂದು "ಕೆಲಸವೇ ಪೂಜೆ ಫಾದರ್, ಅದಕ್ಕೇ ಭಾನುವಾರ ಬರೋಕಾಗ್ಲಿಲ್ಲ" ಎನ್ನುವವರಿಗೆ ಈ ಮಾತು ಸಹಾಯಕ್ಕೆ ಬರುವುದಿಲ್ಲ. ಅವರ ಭಾನುವಾರದ ಕೆಲಸ ಬಹುಪಾಲು ನಿದ್ದೆಯೇ! ಕಾಯಕದ ಹಿರಿಮೆ ಈ ನಾಡಿಗೆ ಹೊಸದಲ್ಲ, ಹನ್ನೆರಡನೆಯ ಶತಮಾನದ ಶರಣರು ಅದನ್ನು ಬಾಳಿ ತೋರಿಸಿದರು. ಅವರು ಕಾಯಕದ ಪಕ್ಕದಲ್ಲೇ ದಾಸೋಹವನ್ನೂ ಇಟ್ಟರು, ದುಡಿದದ್ದನ್ನು ಹಂಚಬೇಕು ಎಂದರು ಎಂಬುದನ್ನು ಜನ ಮರೆಯುತ್ತಾರೆ. ಹಾಸು ಮಾತ್ರ ಇದ್ದರೆ ಸೀರೆಯಾಗದು, ಹೊಕ್ಕು ಮಾತ್ರ ಇದ್ದರೂ ಆಗದು. ದೊಡ್ಡಬಳ್ಳಾಪುರದ ನೇಕಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ದ್ರಾಕ್ಷಿಯ ವಿಷಯವನ್ನೇ ತೆಗೆದುಕೊಳ್ಳಿ. ಬಲಿಪೀಠದ ಮೇಲೆ ಇಡುವುದು ಗೋಧಿಯ ರೊಟ್ಟಿ ಮತ್ತು ದ್ರಾಕ್ಷಿಯ ರಸ, ಭೂಮಿ ಕೊಟ್ಟದ್ದು ಮತ್ತು ಮನುಷ್ಯನ ಕೈ ದುಡಿದದ್ದು. ಬೆಂಗಳೂರು ನೀಲಿ ದ್ರಾಕ್ಷಿ ಬೆಳೆಯುವ ಈ ತಾಲ್ಲೂಕುಗಳ ಭಕ್ತರಿಗೆ ಆ ಹಣ್ಣಿನ ಹಿಂದೆ ಏನಿದೆ ಎಂಬುದು ಚೆನ್ನಾಗಿ ಗೊತ್ತು. ಕಲ್ಲುಕಂಬ ನೆಟ್ಟು ತಂತಿ ಎಳೆದ ಚಪ್ಪರ, ಸಾವಿರ ಅಡಿ ದಾಟಿದರೂ ನೀರು ಸಿಗುವ ಖಾತ್ರಿಯಿಲ್ಲದ ಕೊಳವೆಬಾವಿ, ಬಳ್ಳಿ ಸವರುವುದು, ಔಷಧಿ ಹೊಡೆಯುವುದು, ಹಣ್ಣಾಗುವ ಹೊತ್ತಿಗೆ ಆಲಿಕಲ್ಲು ಮಳೆಯ ಹೆದರಿಕೆ. 2020ರ ಆ ಬೇಸಿಗೆಯಲ್ಲಿ ಕೊಳ್ಳುವವರೇ ಬಾರದೆ ಎಷ್ಟೋ ತೋಟಗಳಲ್ಲಿ ಗೊಂಚಲುಗಳು ಚಪ್ಪರದಲ್ಲೇ ಕೊಳೆತವು. ಹಣ್ಣು ಕಿತ್ತು ಕ್ರೇಟಿಗೆ ತುಂಬುವವರು ದಿನಗೂಲಿಯ ಹೆಂಗಸರು. ಈಗ ಒಬ್ಬ ತೋಟದ ಯಜಮಾನನನ್ನು ನೆನೆಯಿರಿ. ಭಾನುವಾರ ಮುಂದಿನ ಸಾಲಿನಲ್ಲಿ ಕೂರುತ್ತಾನೆ, ಹಬ್ಬಕ್ಕೆ ತೇರಿನ ಹೂವಿನ ಖರ್ಚೆಲ್ಲ ಅವನದೇ. ಕೂಲಿಯ ಹೆಂಗಸು ಮೂರನೇ ಸಲ ಬಂದು "ಅಣ್ಣಾ, ಹೋದ್ವಾರದ ದುಡ್ಡು..." ಎಂದಾಗ "ನಾಳೆ ಬಾರಮ್ಮ" ಎನ್ನುತ್ತಾನೆ. ತೇರಿನ ಮೇಲೆ ಘಮಘಮಿಸುವ ಆ ಹೂವು ಯಾರ ದುಡ್ಡಿನದು?

ಇದು ಗಟ್ಟಿ ಮಾತು ಎನಿಸಿದರೆ, ಸಿರಾಖನ ಗ್ರಂಥ ಇನ್ನೂ ಗಟ್ಟಿ. ಬಡವನ ಸೊತ್ತಿನಿಂದ ತಂದ ಬಲಿ ತಂದೆಯ ಕಣ್ಣೆದುರೇ ಮಗನನ್ನು ಕೊಂದಂತೆ, ಕೂಲಿಕಾರನ ಕೂಲಿ ಹಿಡಿದವನು ರಕ್ತ ಸುರಿಸಿದವನು ಎಂದು ಅದರ ಮೂವತ್ತನಾಲ್ಕನೆಯ ಅಧ್ಯಾಯ ಹೇಳುತ್ತದೆ. ಈ ಅಧ್ಯಾಯ ಒಬ್ಬ ಗುರುವಿನ ಬಾಳನ್ನೇ ತಿರುಗಿಸಿದ ಕತೆ ಚರಿತ್ರೆಯಲ್ಲಿದೆ. 1514ರಲ್ಲಿ ಕ್ಯೂಬಾ ದ್ವೀಪದಲ್ಲಿದ್ದ ಸ್ಪೇನಿನ ಗುರು ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಅವರ ಹೊಲ ಗಣಿಗಳಲ್ಲಿ ಅಲ್ಲಿನ ಮೂಲನಿವಾಸಿಗಳು ಬಿಟ್ಟಿ ದುಡಿಯುತ್ತಿದ್ದರು. ಆಗ ಅದು ಹೆಚ್ಚಿನವರು ಮಾಡುತ್ತಿದ್ದ ಕೆಲಸ, ತಪ್ಪೆನ್ನುತ್ತಿದ್ದವರು ಕಡಿಮೆ. ಪಂಚಾಶತ್ತಮ ಹಬ್ಬದ ಪ್ರಬೋಧನೆಗೆ ಸಿದ್ಧತೆ ಮಾಡುತ್ತಾ ಅವರು ಈ ಅಧ್ಯಾಯ ಓದಿದರು. ಓದಿ ಸುಮ್ಮನಾಗಲಾರದೆ ತಮ್ಮ ಪಾಲಿಗೆ ಬಂದಿದ್ದ ಆ ಜನರನ್ನೆಲ್ಲ ಬಿಟ್ಟುಕೊಟ್ಟರು. ಆಮೇಲೆ 1566ರಲ್ಲಿ ಸಾಯುವವರೆಗೂ, ಐವತ್ತು ವರ್ಷ, ಆ ಜನರ ಪರವಾಗಿ ಅರಸರೆದುರು ವಾದಿಸಿದರು. ಪೂಜೆ ಅರ್ಪಿಸುತ್ತಿದ್ದ ಗುರುವಿಗೇ ತನ್ನ ಬಲಿಪೀಠದ ಮೇಲೆ ಏನಿದೆ ಎಂಬುದು ಅಲ್ಲಿಯವರೆಗೆ ಕಂಡಿರಲಿಲ್ಲ.

ಪ್ರವಾದಿ ಆಮೋಸನೂ ಇದನ್ನೇ ಹೇಳಿದವನು. ಅವನು ಗುರುಕುಲದವನಲ್ಲ, ತೆಕೋವ ಎಂಬ ಊರಿನ ಕುರಿ ಸಾಕುವವನು. ನಿಮ್ಮ ಹಬ್ಬಗಳನ್ನು ದೇವರು ದ್ವೇಷಿಸುತ್ತಾರೆ, ನಿಮ್ಮ ಹಾಡು ಅವರ ಕಿವಿಗೆ ಗದ್ದಲ. ಅವರಿಗೆ ಬೇಕಾದದ್ದು ಬತ್ತದ ತೊರೆಯಂತೆ ಹರಿಯುವ ನ್ಯಾಯ ಎಂದು ದೇವಾಲಯದ ಮುಂದೆಯೇ ನಿಂತು ಸಾರಿದ. ಬತ್ತದ ತೊರೆ ಎಂದರೇನೆಂದು ಬಯಲುಸೀಮೆಯವರಿಗೆ ಬೇಗ ತಿಳಿಯುತ್ತದೆ. ಅರ್ಕಾವತಿ ನಂದಿ ಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕಡೆಯಿಂದ ಹೆಸರಘಟ್ಟ ಕೆರೆಗೆ ಬರುವ ನದಿ. ಒಂದು ಕಾಲಕ್ಕೆ ಬೆಂಗಳೂರಿಗೇ ನೀರು ಕುಡಿಸಿದ್ದು. ಈಗ ಜೋರು ಮಳೆ ಬಂದರೆ ಹರಿಯುತ್ತದೆ, ಬಾಕಿ ದಿನ ಮರಳು ಮತ್ತು ಜಾಲಿ. ಹಬ್ಬಕ್ಕೆ ಉಕ್ಕಿ ಹರಿದು ಮಾರನೆಯ ದಿನ ಒಣಗುವ ಭಕ್ತಿಯನ್ನು ನೋಡಿದವರಿಗೆ ಆ ನದಿಯ ನೆನಪಾಗದೆ ಇರದು.

ಬಲಿಪೂಜೆಗೆ ಇಂಗ್ಲಿಷಿನವರು 'ಮಾಸ್' ಎನ್ನುತ್ತಾರಲ್ಲ, ಆ ಹೆಸರು ಬಂದದ್ದು 'ಮಿಸ್ಸಾ' ಎಂಬ ಲತೀನ್ ಪದದಿಂದ. ಕಳುಹಿಸಿಕೊಡುವುದು ಎಂಬುದು ಅದರ ಮೂಲ. ಪೂಜೆಯ ಕೊನೆಗೆ ಗುರುಗಳು ಜನರನ್ನು ಬೀಳ್ಕೊಡುವ ಮಾತೇ ಇಡೀ ಪೂಜೆಗೆ ಹೆಸರಾಗಿ ನಿಂತಿತು. 2008ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟರು ಆ ಬೀಳ್ಕೊಡುಗೆಗೆ ಹೊಸ ಮಾತುಗಳನ್ನು ಸೇರಿಸಿದಾಗ, ಬಾಳಿನಿಂದಲೇ ದೇವರನ್ನು ಮಹಿಮೆಪಡಿಸಿರಿ ಎಂಬರ್ಥದ ಒಂದು ಮಾತೂ ಅದರಲ್ಲಿ ಇತ್ತು. ಇಷ್ಟಾದರೂ ಆ ಮಾತು ಬರುವ ಮುಂಚೆಯೇ ಅರ್ಧ ಜನ ಚಪ್ಪಲಿ ಹುಡುಕುತ್ತಿರುತ್ತಾರೆ.

ಇಷ್ಟೆಲ್ಲದರಲ್ಲಿ ಅತಿ ಕಷ್ಟದ್ದು ಕೂಲಿಯಲ್ಲ, ಅನ್ನದಾನವಲ್ಲ. ಒಡಹುಟ್ಟಿದವರ ವಿಷಯ.

ದೇವನಹಳ್ಳಿಯ ವಿಮಾನ ನಿಲ್ದಾಣ ಸುಮಾರು ನಾಲ್ಕು ಸಾವಿರ ಎಕರೆಯಲ್ಲಿ ಎದ್ದು 2008ರ ಮೇ 24ರಂದು ಶುರುವಾಯಿತು. ಅದರ ಹಿಂದೆಮುಂದೆ ಈ ನಾಲ್ಕೂ ತಾಲ್ಲೂಕಿನ ನೆಲಕ್ಕೆ ಹಿಂದೆಂದೂ ಇಲ್ಲದ ಬೆಲೆ ಬಂತು. ರಾಗಿ ಬೆಳೆಯುತ್ತಿದ್ದ ಹೊಲ ಸೈಟಾಯಿತು. ಅದೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತು, 2025ರ ಜುಲೈನಲ್ಲಿ 1,777 ಎಕರೆಯ ಭೂಸ್ವಾಧೀನವನ್ನು ಸರ್ಕಾರ ಕೈಬಿಡುವಂತೆ ಮಾಡಿದರು. ಅಷ್ಟು ಒಗ್ಗಟ್ಟು ಕಂಡ ಸೀಮೆಯಲ್ಲೇ ಎರಡು ಗುಂಟೆ ಬದುವಿಗಾಗಿ ಅಣ್ಣ ತಮ್ಮ ಕೋರ್ಟು ಹತ್ತುತ್ತಾರೆ. ಒಂದೇ ತಾಯಿ ಜಪಸರ ಹೇಳಿಕೊಟ್ಟ ಮಕ್ಕಳು ಒಂದೇ ದೇವಾಲಯದಲ್ಲಿ ಎಡಗಡೆ ಒಬ್ಬ, ಬಲಗಡೆ ಒಬ್ಬ ಕೂರುತ್ತಾರೆ. ಪರಮಪ್ರಸಾದಕ್ಕೆ ಮುಂಚೆ ಶಾಂತಿಯ ಸೂಚನೆ ನೀಡಿರಿ ಎಂದಾಗ ಅಕ್ಕಪಕ್ಕದವರಿಗೆಲ್ಲ ಕೈ ಮುಗಿಯುತ್ತಾರೆ, ಆ ಒಂದು ದಿಕ್ಕಿಗೆ ಮಾತ್ರ ಕತ್ತು ತಿರುಗುವುದಿಲ್ಲ. ಮಕ್ಕಳು ಇದನ್ನು ನೋಡುತ್ತಾರೆ. ದೊಡ್ಡಪ್ಪ ಯಾರೆಂದು ಗೊತ್ತಿದ್ದೂ ಕರೆಯಬಾರದು ಎಂಬುದನ್ನು ಪೂಜೆಯಲ್ಲೇ ಕಲಿಯುತ್ತಾರೆ.

ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಸ್ವಾಮಿ ಹೇಳುವ ಮಾತಿನಲ್ಲಿ ಬಹಳ ಜನ ಗಮನಿಸದ ಒಂದು ಸೂಕ್ಷ್ಮವಿದೆ. ಬಲಿಪೀಠದ ಬಳಿ ಕಾಣಿಕೆ ತಂದಾಗ, ಸಹೋದರನ ಮೇಲೆ ನಿನಗೆ ಮನಸ್ತಾಪವಿದ್ದರೆ ಎಂದು ಅವರು ಹೇಳಲಿಲ್ಲ. ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿರುವುದು ನೆನಪಿಗೆ ಬಂದರೆ ಎಂದರು. ಅಲ್ಲಿಗೆ "ನಂದೇನೂ ತಪ್ಪಿಲ್ಲ ಫಾದರ್, ಅವನೇ ಬರ್ಲಿ" ಎಂಬ ಮಾತಿಗೆ ಜಾಗವೇ ಇಲ್ಲ. ತಪ್ಪು ಯಾರದೆಂದು ಸ್ವಾಮಿ ಕೇಳಲೇ ಇಲ್ಲ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗು ಎಂದರು. ಕೇಳುತ್ತಿದ್ದವರು ಗಲಿಲೇಯದವರು, ಬಲಿಪೀಠ ಇದ್ದದ್ದು ಜೆರುಸಲೇಮಿನಲ್ಲಿ. ನಡುವೆ ನೂರು ಕಿಲೋಮೀಟರಿಗೂ ಹೆಚ್ಚು ದೂರ, ಮೂರು ನಾಲ್ಕು ದಿನದ ಕಾಲ್ನಡಿಗೆ. ಅಷ್ಟು ದೂರ ನಡೆದು ತಂದದ್ದನ್ನು ಬಿಟ್ಟು, ಅಷ್ಟೇ ದೂರ ಹಿಂದಿರುಗಿ, ರಾಜಿಯಾಗಿ, ಮತ್ತೆ ಬರಬೇಕು.

ಬೆಟ್ಟದಿಂದ ಮನೆಗೆ ಅಷ್ಟು ದೂರವಿಲ್ಲ. ಬಸ್ಸಿದೆ. ಕೋರ್ಟಿನ ಕೇಸು ಒಂದೇ ದಿನದಲ್ಲಿ ಇತ್ಯರ್ಥವಾಗದಿರಬಹುದು, ಪಾಲಿನ ಲೆಕ್ಕ ಆಮೇಲೆ ಹಿರಿಯರ ಮುಂದೆ ಕೂತು ನೋಡಿಕೊಳ್ಳಬಹುದು. ಇಲ್ಲಿ ಮಂತ್ರಿಸಿದ ಮೇಣದ ಬತ್ತಿ ಎರಡು ಕೊಂಡವರು ಒಂದನ್ನು ತಮ್ಮನ ಮನೆಗೆ ಒಯ್ಯಬಹುದು. ಬಾಗಿಲು ತಟ್ಟಿದಾಗ ಒಳಗಿಂದ "ಯಾರು?" ಎಂದು ಕೇಳಿದರೆ, "ನಾನು ಕಣೋ, ನಿಮ್ಮಣ್ಣ. ಬೆಟ್ಟಕ್ಕೆ ಹೋಗಿದ್ದೆ" ಎಂದರೆ ಸಾಕು.